ರಸ್ತೆ ಮೇಲೇರಿತು, ಹೊಸ್ತಿಲು ಕೆಳಗಿಳಿಯಿತು

ರಸ್ತೆ ವಿಷಯ ಗಂಡಸರದು ಎಂದು ನಾವು ಹೆಂಗಸರು ಸುಮ್ಮನಿರುವುದು ರೂಢಿ. ಗುದ್ದಲಿ ಪೂಜೆಗೆ ಹಾರ ಹಾಕಿಸಿಕೊಳ್ಳುವವರು, ಎಸ್ಟಿಮೇಟಿಗೆ ಸಹಿ ಮಾಡುವವರು, ರೋಲರ್ ಓಡಿಸುವವರು ಎಲ್ಲ ಹೆಚ್ಚಾಗಿ ಅವರೇ. ಆದರೆ ರಸ್ತೆ ಎತ್ತರವಾಗಿ, ಮಳೆ ನೀರು ಹೊಸ್ತಿಲು ದಾಟಿ ಒಳಗೆ ಬಂದಾಗ ಬಕೆಟ್ಟು, ಗೋಣಿತಾಟು ಹಿಡಿದು ನಿಲ್ಲುವವರು ಯಾರು ಹೇಳಿ? ಅಕ್ಕಿ ಡಬ್ಬ ಮೇಲೆತ್ತುವವರು, ನೆನೆದ ಹಾಸಿಗೆ ಒಣಗಿಸುವವರು, ನೀರಲ್ಲಿ ನಿಂತುಕೊಂಡೇ ಮಕ್ಕಳಿಗೆ ಉಪ್ಪಿಟ್ಟು ಕೆದಕುವವರು ಯಾರು? ಹಾಗಾಗಿ ಇದು ನಮ್ಮ ಪತ್ರಿಕೆಯಲ್ಲಿ ಬರಬೇಕಾದ ವಿಷಯವೇ ಎಂದು ಧೈರ್ಯ ಮಾಡಿ ಬರೆಯುತ್ತಿದ್ದೇನೆ.

ನಾನು ವಕೀಲಳಲ್ಲ. ಹೈಸ್ಕೂಲಿನವರೆಗೆ ಓದಿ, ತೆಂಗಿನ ಸೀಮೆಗೆ ಸೊಸೆಯಾಗಿ ಬಂದ ಗೃಹಿಣಿ. ಆದರೂ ಮನೆಗೆ ನೀರು ನುಗ್ಗಿದ ಮೇಲೆ ಕೇಳಬೇಕಾದವರನ್ನು ಕೇಳಿ, ಓದಬೇಕಾದ್ದನ್ನು ಓದಿ ತಿಳಿದುಕೊಂಡೆ. ತಿಳಿದದ್ದು ನಾಲ್ಕು ಜನಕ್ಕೆ ಉಪಯೋಗವಾಗಲಿ.

ಎರಡು ಬೆರಳಿನ ಲೆಕ್ಕ

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹಳೇ ಮನೆಗಳನ್ನು ನೀವು ನೋಡಿರಬಹುದು. ಮಣ್ಣಿನ ದಪ್ಪ ಗೋಡೆ, ಮಂಗಳೂರು ಹೆಂಚು, ಮುಂದೆ ಜಗಲಿ, ಒಳಗೆ ಕೊಬ್ಬರಿ ಅಟ್ಟ. ಕಟ್ಟಿದ ಹಿರಿಯರು ದಡ್ಡರಲ್ಲ. ಬೀದಿಯಿಂದ ಎರಡು ಮೂರು ಮೆಟ್ಟಲು ಹತ್ತಿಯೇ ಜಗಲಿಗೆ ಹೋಗುವ ಹಾಗೆ ಕಟ್ಟಿದ್ದರು. ಬೀದಿಯಲ್ಲಿ ಎಷ್ಟೇ ನೀರು ಹರಿದರೂ ಹೊಸ್ತಿಲಿಗೆ ತಾಗುತ್ತಿರಲಿಲ್ಲ.

ಈಗ ಅದೇ ಮನೆಗಳ ಮುಂದೆ ಮೆಟ್ಟಲು ಎಲ್ಲಿದೆ? ರಸ್ತೆ ಅದನ್ನು ನುಂಗಿತು. ಒಂದು ಸಲ ಡಾಂಬರು ಹಾಕಿದರೆ ಒಂದೆರಡು ಬೆರಳು ದಪ್ಪ ಏರುತ್ತದೆ. ಕೆಳಗೆ ಜಲ್ಲಿ ಹಾಸಿದರೆ ಇನ್ನೂ ಹೆಚ್ಚು. ಹಳೇದನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸದು ಬಳಿಯುತ್ತಾರೆ. ನಾಲ್ಕೈದು ವರ್ಷಕ್ಕೊಮ್ಮೆ ಹೀಗೆ ನಡೆದರೆ ಮಗಳು ಹುಟ್ಟಿ ಮದುವೆಯಾಗುವ ಹೊತ್ತಿಗೆ ಎರಡು ಮೆಟ್ಟಲು ಮಾಯ. ಕಾಂಕ್ರೀಟು ರಸ್ತೆಯಾದರೆ ಅಷ್ಟು ಕಾಯುವುದೂ ಬೇಡ, ಒಂದೇ ಏಟಿಗೆ ಅರ್ಧ ಅಡಿ ಮೇಲೆ!

ದೊಡ್ಡ ರಸ್ತೆಗಳದಂತೂ ಹೇಳುವುದೇ ಬೇಡ. ಹಿಂದೆ 206 ಎಂದು ಕರೆಯುತ್ತಿದ್ದ ತುಮಕೂರು ಶಿವಮೊಗ್ಗ ಹೆದ್ದಾರಿಯನ್ನು ನಾಲ್ಕು ಪಥ ಮಾಡುವ ಕೆಲಸ ಕೈಗೆತ್ತಿಕೊಂಡರು. ಹುಳಿಯಾರು, ಚಿಕ್ಕನಾಯಕನಹಳ್ಳಿ, ಕೆ.ಬಿ. ಕ್ರಾಸ್, ತುರುವೇಕೆರೆ ಮೇಲೆ ಹೋಗುವ ರಸ್ತೆಯೂ ಈಗ 150ಎ ಎಂಬ ರಾಷ್ಟ್ರೀಯ ಹೆದ್ದಾರಿ. ರಸ್ತೆ ಅಗಲವಾಗಬೇಕು, ಬಸ್ಸು ಲಾರಿ ಓಡಬೇಕು, ನಮ್ಮ ಕೊಬ್ಬರಿ ತಿಪಟೂರು ಮಾರುಕಟ್ಟೆಗೆ ಬೇಗ ತಲುಪಬೇಕು, ಇದರಲ್ಲಿ ಎರಡು ಮಾತಿಲ್ಲ. ಒಳ್ಳೇ ರಸ್ತೆ ಬೇಡ ಎನ್ನುವವಳು ನಾನಲ್ಲ. ಆದರೆ ಊರಿಗೆಲ್ಲ ಅನುಕೂಲವಾಗುವ ಕೆಲಸದ ನಷ್ಟವನ್ನು ರಸ್ತೆ ಬದಿಯ ನಾಲ್ಕು ಮನೆಯವರೇ ಹೊರಬೇಕೆ? ಪ್ರಶ್ನೆ ಇಷ್ಟೇ.

ನಮ್ಮ ಬೀದಿಯಲ್ಲಿ ಆದದ್ದು

ಊರಿನ ಹೆಸರು ಬೇಡ, ಕಚೇರಿಯ ಹೆಸರೂ ಬೇಡ. ನಮ್ಮ ಬೀದಿಗೆ ಕಾಂಕ್ರೀಟು ಹಾಕಿದರು. ಎಲ್ಲರಿಗೂ ಸಂತೋಷವೇ. ಚರಂಡಿ ಮಾತ್ರ ಮುಂದಿನ ಬಾರಿ ಎಂದರು. ರಸ್ತೆ ಎದ್ದಿತು, ಹಳೇ ಚರಂಡಿ ಅದರಡಿಯಲ್ಲಿ ಮುಚ್ಚಿ ಹೋಯಿತು. ಚಿತ್ತೆ ಮಳೆ ಹೊಡೆದ ರಾತ್ರಿ ಬೀದಿಯ ನೀರೆಲ್ಲ ತಗ್ಗಿನ ಐದಾರು ಮನೆಗಳಿಗೆ ಇಳಿಯಿತು.

ನಮ್ಮ ಮನೆಯಲ್ಲಿ ಅಟ್ಟದ ಮೇಲಿದ್ದ ಕಾಯಿ ಉಳಿಯಿತು. ಆದರೆ ಸುಲಿದು, ಒಡೆದು, ಮಾರಲು ಚೀಲ ತುಂಬಿ ಕೆಳಗಿಟ್ಟಿದ್ದ ಉಂಡೆ ಕೊಬ್ಬರಿ ನೆನೆಯಿತು. ಕೊಬ್ಬರಿ ಬೆಳೆದವರಿಗೆ ಇದರ ಸಂಕಟ ಗೊತ್ತು. ಹೆಚ್ಚು ಕಡಿಮೆ ಒಂದು ವರ್ಷ ಅಟ್ಟದ ಮೇಲೆ ಮಗುವಿನ ಹಾಗೆ ಕಾದ ಕಾಯಿ ಅದು. ನೀರು ತಾಗಿ ಬೂಷ್ಟು ಹಿಡಿದರೆ ವ್ಯಾಪಾರಿ ಮುಟ್ಟಿಯೂ ನೋಡುವುದಿಲ್ಲ, ಎಣ್ಣೆಗೆ ಹಾಕುವ ದರಕ್ಕೆ ಕೇಳುತ್ತಾನೆ.

ನಮ್ಮದು ಹೇಗೋ ಸುಧಾರಿಸಿತು. ಪಕ್ಕದ ಮನೆಯ ಅಜ್ಜಿಯದು ಹಾಗಲ್ಲ. ಗಂಡ ಇಲ್ಲ, ಇದ್ದ ಒಬ್ಬ ಮಗಳನ್ನು ದೂರದ ಊರಿಗೆ ಕೊಟ್ಟಿದೆ. ಮಣ್ಣಿನ ಗೋಡೆ ಬುಡದಿಂದ ನೀರು ಕುಡಿದು ಮೂರನೇ ದಿನ ಹಿತ್ತಿಲ ಕಡೆ ಕುಸಿಯಿತು. ಪುಣ್ಯಕ್ಕೆ ಅವರು ಆಗ ಜಗಲಿಯಲ್ಲಿದ್ದರು. ಕಚೇರಿಗೆ ಹೋಗಿ ಕೇಳಿದರೆ ಬಂದ ಉತ್ತರ: "ನಿಮ್ಮ ಒಂದಡಿ ಜಾಗವನ್ನೂ ನಾವು ತಗೊಂಡಿಲ್ಲವಲ್ಲಮ್ಮ, ಪರಿಹಾರ ಯಾತಕ್ಕೆ?" ಅಜ್ಜಿ ಈಗ ಮಗಳ ಮನೆಯಲ್ಲಿದ್ದಾರೆ. ಮನೆಗೆ ಬೀಗ ಬಿದ್ದಿದೆ.

ಆ ಒಂದು ಉತ್ತರವೇ ನನ್ನನ್ನು ಈ ವಿಷಯದ ಹಿಂದೆ ಬೀಳುವ ಹಾಗೆ ಮಾಡಿತು. ಜಾಗ ತಗೊಂಡರೆ ಮಾತ್ರ ನಷ್ಟವೇ? ಜಾಗ ಹಾಗೇ ಇದ್ದು, ಅದರ ಮೇಲೆ ಬದುಕುವ ಹಾಗಿಲ್ಲ ಎಂದರೆ ಅದು ನಷ್ಟವಲ್ಲವೇ?

ಜಾಗ ಹೋದವರಿಗೆ ದಾರಿ ಇದೆ

ಮೊದಲು ಜಾಗ ಹೋದವರ ವಿಷಯ. ಇವರಿಗೆ ಕಾನೂನಿನ ದಾರಿ ಸ್ಪಷ್ಟವಾಗಿದೆ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಬರೀ ಭೂಮಿಯ ಬೆಲೆಯಲ್ಲ, ಅದರ ಮೇಲಿನ ಕಟ್ಟಡ, ಬಾವಿ, ಮರಗಳಿಗೂ ಬೇರೆ ಬೆಲೆ ಕಟ್ಟಬೇಕು. ತೆಂಗಿನ ಮರದ ಬೆಲೆ ಕಟ್ಟಲು ತೋಟಗಾರಿಕೆ ತಿಳಿದವರ ನೆರವು ಪಡೆಯಬಹುದು. ಹೀಗೆ ಕಟ್ಟಿದ ಮೊತ್ತದ ಮೇಲೆ ಅಷ್ಟೇ ಇನ್ನೊಂದು ಪಾಲು, ಅಂದರೆ ನೂರಕ್ಕೆ ನೂರು, ಸೊಲೇಷಿಯಂ ಎಂದು ಸೇರಿಸಬೇಕು. ರಾಷ್ಟ್ರೀಯ ಹೆದ್ದಾರಿಗೆ ಬೇರೆ ಕಾಯ್ದೆ ಇದ್ದರೂ 2015ರಿಂದ ಪರಿಹಾರದ ಲೆಕ್ಕ ಇದೇ ರೀತಿ.

ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ತೋಟದ ನಡುವೆ ರಸ್ತೆ ಹಾದು ಉಳಿದ ಜಮೀನು ಎರಡು ತುಂಡಾದರೆ, ಅಥವಾ ಉಳಿದ ಮನೆಗೆ ಅದರಿಂದ ಹಾನಿಯಾದರೆ, ಅದಕ್ಕೂ ಪರಿಹಾರ ಕೇಳುವ ಹಕ್ಕು ಈ ಕಾಯ್ದೆಗಳಲ್ಲಿದೆ. ಬಾವಿ ಆ ಕಡೆ, ತೋಟ ಈ ಕಡೆ ಆಯಿತೇ? ರಸ್ತೆ ಏರಿ ಗಾಡಿ ತೋಟಕ್ಕೆ ಇಳಿಯುವ ಹಾಗಿಲ್ಲವೇ? ಆಕ್ಷೇಪಣೆ ಕೊಡುವಾಗ ಅದನ್ನೂ ಬರೆಯಿರಿ. ಬರೆಯದೆ ಬಿಟ್ಟದ್ದನ್ನು ಯಾರೂ ಹುಡುಕಿಕೊಂಡು ಬಂದು ಕೊಡುವುದಿಲ್ಲ.

ಪಹಣಿ, ಖಾತೆ ಯಾರ ಹೆಸರಲ್ಲಿದೆ ಎಂದೂ ನೋಡಿಕೊಳ್ಳಿ. ತೀರಿಹೋದ ಮಾವನವರ ಹೆಸರಲ್ಲೇ ಇದ್ದರೆ ಪರಿಹಾರದ ಹಣ ಅಲ್ಲೇ ನಿಲ್ಲುತ್ತದೆ. ಪೌತಿ ಖಾತೆ ಮಾಡಿಸುವುದನ್ನು ನಾಳೆ ನಾಡಿದ್ದು ಎಂದು ತಳ್ಳಬೇಡಿ.

ಹಣವನ್ನೇ ಕೊಡದೆ ರಸ್ತೆ ಮಾಡಿಬಿಟ್ಟರೆ? ಹಿಮಾಚಲ ಪ್ರದೇಶದ ಹಮೀರ್‌ಪುರ ಜಿಲ್ಲೆಯಲ್ಲಿ ಹಾಗೇ ಆಗಿತ್ತು. 1967-68ರಲ್ಲಿ ಒಬ್ಬ ಹೆಣ್ಣುಮಗಳ ಜಮೀನಿನ ಮೇಲೆ ಸರ್ಕಾರ ರಸ್ತೆ ಮಾಡಿತು, ಕಾಸು ಕೊಡಲಿಲ್ಲ. ಆಕೆ ವಿಧವೆ, ಓದು ಬರಹ ಬಾರದವರು. ಬಹಳ ವರ್ಷಗಳಾದ ಮೇಲೆ ಕೋರ್ಟಿಗೆ ಹೋದರು. ಇಷ್ಟು ತಡವಾಗಿ ಬಂದಿದ್ದೀರಿ ಎಂದು ಸರ್ಕಾರ ವಾದ ಮಾಡಿತು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ವಾದ ಒಪ್ಪಲಿಲ್ಲ. ಕಾನೂನಿನ ಕ್ರಮವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವ ಹಾಗಿಲ್ಲ ಎಂದು ಸಂವಿಧಾನದ 300ಎ ವಿಧಿ ಹೇಳುತ್ತದೆಂದು ಎತ್ತಿ ತೋರಿಸಿ ಪರಿಹಾರ ಕೊಡಿಸಿತು. ಆಗ ಆಕೆಗೆ ಸುಮಾರು 80 ವರ್ಷ. ಓದು ಬಾರದ ಅಜ್ಜಿ ಗೆದ್ದರು, ನಿಜ. ಆದರೆ ಅರ್ಧ ಶತಮಾನ ಕಾಯಬೇಕಾಯಿತು.

ಮಟ್ಟ ಕಳೆದುಕೊಂಡವರ ದಾರಿ ಕಡಿದು

ಈಗ ನಮ್ಮ ಪಕ್ಕದ ಮನೆ ಅಜ್ಜಿಯಂಥವರ ವಿಷಯ. ಜಾಗ ಹೋಗಿಲ್ಲ, ಮಟ್ಟ ಹೋಯಿತು. ಭೂಸ್ವಾಧೀನ ಕಾಯ್ದೆ ಇವರ ಮನೆ ಬಾಗಿಲಿಗೆ ಬರುವುದಿಲ್ಲ. ಅದು ಜಾಗ ಕೊಟ್ಟವರಿಗೆ ಮಾತ್ರ. ಇವರು ಹಿಡಿಯಬೇಕಾದ ದಾರಿ ಬೇರೆ. ರಸ್ತೆ ಮಾಡಿದವರು ಅಜಾಗರೂಕತೆಯಿಂದ ಮಾಡಿದರು, ಅದರಿಂದಲೇ ನನಗೆ ನಷ್ಟವಾಯಿತು ಎಂದು ತೋರಿಸಬೇಕು. ತೋರಿಸುವ ಭಾರ ನಮ್ಮ ಮೇಲೆಯೇ.

ಇದೊಂದು ಹಳೇ ಜಗಳ. 1823ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಬೀದಿಯ ಮಟ್ಟ ತಗ್ಗಿಸಿದಾಗ ಒಬ್ಬರ ಮನೆಯ ತಳಪಾಯವೇ ಹೊರಗೆ ಕಂಡಿತು. ಕೋರ್ಟಿಗೆ ಹೋದರೆ ನಿಮ್ಮ ಜಾಗವನ್ನು ಯಾರೂ ತಗೊಂಡಿಲ್ಲ, ಪರಿಹಾರವಿಲ್ಲ ಎಂದಿತು. ನಮ್ಮೂರ ಕಚೇರಿಯ ಉತ್ತರ 200 ವರ್ಷ ಹಳೆಯದು ನೋಡಿ! ಮುಂದೆ ಚಿಕಾಗೋ ನಗರದಲ್ಲಿ ಕೊಳಚೆ ನೀರಿನ ಕೊಳವೆ ಹಾಕಲೆಂದು 1850ರ ದಶಕದಿಂದ ಬೀದಿಗಳನ್ನೇ ಅಡಿಗಟ್ಟಲೆ ಎತ್ತರಿಸಿದರು. ಇಟ್ಟಿಗೆ ಕಟ್ಟಡಗಳನ್ನು ಜಾಕು ಕೊಟ್ಟು ಮೇಲೆತ್ತಬೇಕಾಯಿತು. ಎತ್ತಿಸಲಾಗದವರ ಬಾಗಿಲು ಗುಂಡಿಯಲ್ಲಿ ಉಳಿಯಿತು. ಆ ರಾಜ್ಯದವರು 1870ರಲ್ಲಿ ತಮ್ಮ ಸಂವಿಧಾನ ತಿದ್ದಿ ಬರೆದಾಗ ಒಂದೇ ಒಂದು ಪದ ಸೇರಿಸಿದರು. ಸಾರ್ವಜನಿಕ ಕೆಲಸಕ್ಕೆ ಆಸ್ತಿಯನ್ನು ತೆಗೆದುಕೊಂಡರೂ ಪರಿಹಾರ, ಹಾನಿ ಮಾಡಿದರೂ ಪರಿಹಾರ. ಅದನ್ನು ನೋಡಿ ಅಲ್ಲಿನ ಎಷ್ಟೋ ರಾಜ್ಯಗಳು ಹಾಗೇ ಬರೆದುಕೊಂಡವು.

ನಮ್ಮ ಸಂವಿಧಾನದ 300ಎ ವಿಧಿಯಲ್ಲಿ ಆ ಎರಡನೇ ಪದವಿಲ್ಲ. ಆದ್ದರಿಂದಲೇ ನಮ್ಮವರು ಅಜಾಗರೂಕತೆಯ ಕಡಿದಾದ ದಾರಿ ಹತ್ತಬೇಕು. ಆದರೆ ದಾರಿಯೇ ಇಲ್ಲವೆಂದಲ್ಲ.

ಕೋರ್ಟುಗಳು ಹೇಳಿದ ಮಾತು

ಬರೋಡಾ ಸಂಸ್ಥಾನದ ಸರ್ಕಾರ ಹಾಕಿಸಿದ ರೈಲು ದಾರಿಯಿಂದ ಮಳೆಗಾಲದಲ್ಲಿ ಒಬ್ಬರ ಜಮೀನಿಗೆ ನೀರು ನುಗ್ಗುತ್ತಿತ್ತು. ಕಾಯ್ದೆಯ ಅಧಿಕಾರದಿಂದ ಮಾಡಿದ ಕೆಲಸ, ನಮ್ಮನ್ನು ಕೇಳುವ ಹಾಗಿಲ್ಲ ಎಂಬುದು ಆ ಕಡೆಯ ವಾದ. ವ್ಯಾಜ್ಯ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಯಿತು. 1903ರ ಆ ತೀರ್ಪಿನ ಸಾರ ಇಷ್ಟು: ಅಧಿಕಾರ ಇದ್ದ ಮಾತ್ರಕ್ಕೆ ಅಜಾಗರೂಕತೆಯಿಂದ ಮಾಡಲು ಅಪ್ಪಣೆ ಸಿಕ್ಕಿದ ಹಾಗಲ್ಲ. ರಸ್ತೆ ಎತ್ತರಿಸಿ ಮೋರಿ ಬಿಡದೆ ಹೋದವರಿಗೂ ಇದೇ ಮಾತು ಹೊಂದುತ್ತದೆ.

ಎರಡನೆಯದು ಮಧ್ಯಪ್ರದೇಶದ ರತ್ಲಾಂ ಊರಿನದು. ಚರಂಡಿ ಇಲ್ಲದೆ ಗಬ್ಬು ನಾರುವ ಬೀದಿಯ ಜನ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಟ್ಟರು. ಚರಂಡಿ ಕಟ್ಟಿಸಿ ಎಂದು ಆದೇಶವಾಯಿತು. ಪುರಸಭೆ ನಮ್ಮಲ್ಲಿ ಹಣವಿಲ್ಲ ಎಂದು ಸುಪ್ರೀಂ ಕೋರ್ಟಿನ ತನಕ ಹೋಯಿತು. 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಆ ನೆಪ ನಡೆಯುವುದಿಲ್ಲ ಎಂದು ತೀರ್ಪು ಕೊಟ್ಟರು. ಜನರ ಆರೋಗ್ಯ ಕಾಯುವ ಕರ್ತವ್ಯಕ್ಕೆ ಬೊಕ್ಕಸ ಖಾಲಿ ಎಂಬುದು ಉತ್ತರವಲ್ಲ.

ದೆಹಲಿಯ ಚಾಂದನಿ ಚೌಕದ ಹಳೇ ಗಡಿಯಾರ ಗೋಪುರ ಕುಸಿದು ಜನ ಸತ್ತಾಗ, ಅದನ್ನು ನೋಡಿಕೊಳ್ಳಬೇಕಾದ ನಗರಪಾಲಿಕೆಯೇ ಹೊಣೆ ಎಂದು 1966ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಮ್ಮ ಕರ್ನಾಟಕದ ಹೈಕೋರ್ಟೂ 2019ರ ಜುಲೈಯಲ್ಲಿ, ಬೆಂಗಳೂರಿನ ರಸ್ತೆ ಗುಂಡಿಗಳಿಂದ ಪೆಟ್ಟಾದವರು ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಿಂದ ಪರಿಹಾರ ಕೇಳಬಹುದು ಎಂದಿತು.

ಎಲ್ಲ ತೀರ್ಪೂ ಜನರ ಕಡೆಗೇ ಬಂದಿಲ್ಲ, ಅದನ್ನೂ ಹೇಳಿಬಿಡಬೇಕು. ಗುಜರಾತಿನ ರಾಜಕೋಟದಲ್ಲಿ 1975ರಲ್ಲಿ ರಸ್ತೆ ಬದಿಯ ಮರ ಬಿದ್ದು ಕೆಲಸಕ್ಕೆ ಹೋಗುತ್ತಿದ್ದವರೊಬ್ಬರು ತೀರಿಕೊಂಡರು. ಅವರ ಹೆಂಡತಿ ಮಕ್ಕಳಿಗೆ ಕೆಳಗಿನ ಕೋರ್ಟುಗಳಲ್ಲಿ ಗೆಲುವಾದರೂ 1997ರಲ್ಲಿ ಸುಪ್ರೀಂ ಕೋರ್ಟು ಪಾಲಿಕೆಯನ್ನು ಹೊಣೆ ಮಾಡಲಿಲ್ಲ. ಪಾಲಿಕೆಗೆ ಪ್ರತಿ ಮರದ ಸ್ಥಿತಿ ಮೊದಲೇ ತಿಳಿದಿರುತ್ತದೆ ಎನ್ನಲಾಗದು ಎಂಬುದು ಅದರ ಒಂದು ಕಾರಣ.

ಈ ಕೊನೆಯ ತೀರ್ಪಿನಲ್ಲೇ ನಮಗೆ ದೊಡ್ಡ ಪಾಠ ಇದೆ. ಅಪಾಯ ಗೊತ್ತಿರಲಿಲ್ಲ ಎಂದು ಅವರು ಹೇಳದ ಹಾಗೆ ಮೊದಲೇ ಬರಹದಲ್ಲಿ ತಿಳಿಸಿಬಿಡಬೇಕು! ನೀರು ನುಗ್ಗಿದ ಮೇಲೆ ಬರೆದ ಹತ್ತು ಅರ್ಜಿಗಿಂತ ರಸ್ತೆ ಏಳುವ ಮೊದಲು ಕೊಟ್ಟು ಸೀಲು ಹಾಕಿಸಿಕೊಂಡ ಒಂದು ಅರ್ಜಿಗೆ ಬೆಲೆ ಹೆಚ್ಚು.

ಕೆಲಸ ಶುರುವಾಗುವ ಮೊದಲು

ಬೀದಿಯಲ್ಲಿ ಜಲ್ಲಿ ಸುರಿದ ದಿನವೇ ಈ ಕೆಲಸಗಳನ್ನು ಮಾಡಿಕೊಳ್ಳಿ. ಒಂದು ಮಧ್ಯಾಹ್ನ ಸಾಕು.

ಒಂದು, ರಸ್ತೆ ಯಾರದೆಂದು ತಿಳಿಯಿರಿ. ಒಂದೇ ಊರಿನಲ್ಲಿ ದೊಡ್ಡ ರಸ್ತೆ ಹೆದ್ದಾರಿಯವರದು, ಇನ್ನೊಂದು ಲೋಕೋಪಯೋಗಿ ಇಲಾಖೆಯದು, ಒಳಬೀದಿ ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯದು, ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯದು. ತಪ್ಪು ಬಾಗಿಲು ತಟ್ಟಿದರೆ ಆರು ತಿಂಗಳು ವ್ಯರ್ಥ. ಕಾಮಗಾರಿಯ ಬೋರ್ಡಿನಲ್ಲಿ ಇಲಾಖೆ, ಗುತ್ತಿಗೆದಾರರು, ನಿರ್ವಹಣೆಯ ಅವಧಿ ಬರೆದಿದ್ದರೆ ಫೋಟೋ ತೆಗೆದಿಡಿ. ಆ ಅವಧಿಯೊಳಗೆ ಕಂಡ ದೋಷವನ್ನು ಗುತ್ತಿಗೆದಾರರಿಂದಲೇ ಸರಿ ಮಾಡಿಸಬಹುದು.

ಎರಡು, ಹೊಸ್ತಿಲಿನ ಅಳತೆ. ಬೀದಿಯಿಂದ ಹೊಸ್ತಿಲು ಎಷ್ಟು ಅಂಗುಲ ಮೇಲಿದೆ? ಟೇಪು ಹಿಡಿದು, ಅಳತೆ ಕಾಣುವ ಹಾಗೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಅದೇ ಜಾಗದಲ್ಲಿ ಕೆಲಸ ಮುಗಿದ ಮೇಲೆ ಮತ್ತೊಂದು ಫೋಟೋ. ಗೋಡೆ, ನೆಲ, ಚರಂಡಿಯದೂ ಇರಲಿ. ಮುಂದೆ ಈ ಬಿರುಕು ಹಳೇದು ಎಂದರೆ ತೋರಿಸಲು ಬೇಕು.

ಮೂರು, ಅರ್ಜಿ. ಒಬ್ಬರೇ ಕೊಡುವ ಬದಲು ಬೀದಿಯ ಏಳೆಂಟು ಮನೆಯವರು ಸೇರಿ ಸಹಿ ಹಾಕಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಕಚೇರಿಯ ಸೀಲು, ತಾರೀಖು ಹಾಕಿಸಿಕೊಳ್ಳಿ. ಸೀಲು ಹಾಕದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಒಕ್ಕಣೆ ಹೀಗಿರಬಹುದು:

"ನಮ್ಮ ಬೀದಿಯಲ್ಲಿ ರಸ್ತೆ ಕಾಮಗಾರಿ ಆರಂಭವಾಗುತ್ತಿದೆ. ಈಗಿನ ರಸ್ತೆಗಿಂತ ನಮ್ಮ ಮನೆಗಳ ಹೊಸ್ತಿಲು ಇಷ್ಟಿಷ್ಟು ಅಂಗುಲ ಮಾತ್ರ ಎತ್ತರವಿದೆ (ಪಟ್ಟಿ, ಫೋಟೋ ಲಗತ್ತಿಸಿದೆ). ಹಳೇ ಪದರ ತೆಗೆಯದೆ ಎತ್ತರಿಸಿದರೆ, ಅಥವಾ ಚರಂಡಿ ಮುಚ್ಚಿದರೆ, ಮಳೆ ನೀರು ಮನೆಗಳಿಗೆ ನುಗ್ಗಿ ಗೋಡೆ, ದಾಸ್ತಾನು, ಜೀವಕ್ಕೆ ಅಪಾಯವಿದೆ. ಹಳೇ ಪದರ ಕೆರೆದು ತೆಗೆದು ಅದೇ ಮಟ್ಟದಲ್ಲಿ ರಸ್ತೆ ಮಾಡಿಸಬೇಕು. ರಸ್ತೆಗೆ ಮೊದಲು ಚರಂಡಿ, ಮೋರಿ ಮಾಡಿಸಬೇಕು. ಮುಂದೆ ಹಾನಿಯಾದರೆ ತಮಗೆ ಮೊದಲೇ ತಿಳಿಸಲಾಗಿದೆ ಎಂದು ಇದನ್ನು ಪರಿಗಣಿಸಬೇಕು."

ಕೆರೆದು ತೆಗೆಯಿರಿ ಎನ್ನುವುದು ನಮ್ಮ ಹುಚ್ಚು ಬೇಡಿಕೆ ಎಂದು ಯಾರಾದರೂ ನಕ್ಕರೆ, ಪಕ್ಕದ ತಮಿಳುನಾಡನ್ನು ತೋರಿಸಿ. ಅಲ್ಲಿ 2021ರಲ್ಲಿ ಮುಖ್ಯ ಕಾರ್ಯದರ್ಶಿಗಳೇ, ಹಳೇ ಪದರ ಕೆರೆದು ತೆಗೆದ ಮೇಲೆಯೇ ಹೊಸ ಪದರ ಹಾಕಬೇಕು, ಮನೆಗಳು ತಗ್ಗಿಗೆ ಬೀಳಬಾರದು ಎಂದು ಆದೇಶ ಕಳಿಸಿದರು. ಪಕ್ಕದವರಿಗೆ ಸಾಧ್ಯವಾದದ್ದು ನಮಗೇಕೆ ಆಗುವುದಿಲ್ಲ?

ನಾಲ್ಕು, ಮಾಹಿತಿ ಹಕ್ಕು. 2005ರ ಕಾಯ್ದೆಯಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕಾಮಗಾರಿಯ ಅಂದಾಜು ಪಟ್ಟಿ, ರಸ್ತೆ ಮಟ್ಟದ ನಕ್ಷೆ, ಚರಂಡಿಯ ವಿವರ ಕೇಳಬಹುದು. 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. ನಮ್ಮ ಬೀದಿಯವರು ಹೀಗೇ ಕೇಳಿದಾಗ ಎಸ್ಟಿಮೇಟಿನಲ್ಲಿ ಅಡ್ಡ ಮೋರಿ ಇದ್ದದ್ದು, ಹಾಕದೇ ಬಿಟ್ಟದ್ದು ಹೊರಗೆ ಬಂತು. ಎರಡು ತಿಂಗಳಲ್ಲಿ ಪೈಪು ಹಾಕಿದರು. ಮುಂದಿನ ಮಳೆಗೆ ನೀರು ಒಳಗೆ ಬರಲಿಲ್ಲ. ಅಜ್ಜಿಯ ಗೋಡೆಗೆ ಮಾತ್ರ ಇನ್ನೂ ಕಾಸು ಬಂದಿಲ್ಲ.

ನೀರು ನುಗ್ಗಿಬಿಟ್ಟರೆ

ಮೊದಲು ಮಕ್ಕಳು, ವಯಸ್ಸಾದವರು ಮಣ್ಣಿನ ಗೋಡೆಯಿಂದ ದೂರವಿರಲಿ. ಮಳೆ ನಿಂತ ಮೇಲೂ ಎರಡು ಮೂರು ದಿನ ಹುಷಾರು. ಮೇನ್ ಸ್ವಿಚ್ ಆರಿಸಿ.

ಆಮೇಲೆ, ಮನೆ ತೊಳೆಯುವ ಮೊದಲು ಫೋಟೋ. ನಮಗೆ ಕೂಡಲೇ ಗುಡಿಸಿ ಸಾರಿಸಿಬಿಡುವ ಚಾಳಿ. ಒಂದರ್ಧ ಗಂಟೆ ತಡೆಯಿರಿ. ಗೋಡೆಯ ಮೇಲೆ ನೀರು ನಿಂತ ಗೆರೆ, ನೆನೆದ ಚೀಲ, ಹಾಳಾದ ಸಾಮಾನು ಎಲ್ಲ ಫೋಟೋದಲ್ಲಿ ಬರಲಿ.

ಗ್ರಾಮ ಆಡಳಿತಾಧಿಕಾರಿಯನ್ನು, ಅಂದರೆ ನಾವು ಹಿಂದೆ ಗ್ರಾಮ ಲೆಕ್ಕಿಗರು ಎನ್ನುತ್ತಿದ್ದವರನ್ನು, ಕರೆಸಿ ಮಹಜರು ಮಾಡಿಸಿ. ತಹಸೀಲ್ದಾರರ ಕಡೆಯಿಂದ ಮಳೆ ಹಾನಿಗೆ ಬರುವ ಹಣ ಸರ್ಕಾರದ ಸಹಾಯ. ರಸ್ತೆ ಮಾಡಿದವರ ಹೊಣೆ ಬೇರೆ. ಒಂದು ಸಿಕ್ಕಿತೆಂದು ಇನ್ನೊಂದನ್ನು ಬಿಡಬೇಕಿಲ್ಲ. ಆ ಮಹಜರು ಮುಂದೆ ನಿಮಗೆ ಸಾಕ್ಷಿ.

ನಷ್ಟದ ಪಟ್ಟಿ ಬರೆಯುವಾಗ ಅಂದಾಜು ಹೊಡೆಯಬೇಡಿ. ಕೊಬ್ಬರಿ ಎಷ್ಟು ತೂಕ, ಆ ವಾರ ತಿಪಟೂರು ಮಾರುಕಟ್ಟೆಯ ದರ ಎಷ್ಟು, ನೆನೆದದ್ದು ಎಷ್ಟಕ್ಕೆ ಹೋಯಿತು, ವ್ಯತ್ಯಾಸ ಎಷ್ಟು ಎಂದು ಬರೆಯಿರಿ. ಪತ್ರಿಕೆಯಲ್ಲಿ ಬಂದ ಮಾರುಕಟ್ಟೆ ಧಾರಣೆ ಕತ್ತರಿಸಿ ಅಂಟಿಸಿ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ ಇತ್ತು. ಮಾರುಕಟ್ಟೆ ಬೆಲೆ ಅದಕ್ಕಿಂತ ಹೆಚ್ಚಿದ್ದರೆ ನಿಮ್ಮ ನಷ್ಟವೂ ಆ ಲೆಕ್ಕದಲ್ಲೇ. ಗೋಡೆಗೆ ಎಂಜಿನಿಯರರಿಂದ ಅಥವಾ ಅನುಭವಸ್ಥ ಮೇಸ್ತ್ರಿಯಿಂದ ರಿಪೇರಿಯ ಅಂದಾಜು ಬರೆಸಿ. ಸಣ್ಣ ರಸೀತಿಯನ್ನೂ ಎಸೆಯಬೇಡಿ.

ಮನೆಗೆ ವಿಮೆ ಮಾಡಿಸಿದ್ದರೆ ಕೂಡಲೇ ತಿಳಿಸಿ. 2021ರ ಏಪ್ರಿಲಿನಿಂದ ಬಂದಿರುವ ಭಾರತ ಗೃಹ ರಕ್ಷಾ ಎಂಬ ಮನೆ ವಿಮೆಯಲ್ಲಿ ನೆರೆ ನೀರಿನ ಹಾನಿಯೂ ಸೇರಿದೆ.

ನೀರು ಪ್ರತಿ ಮಳೆಗೂ ನುಗ್ಗುತ್ತಿದ್ದರೆ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಬಹುದು. ನಮ್ಮ ಮೂರು ತಾಲೂಕಿಗೂ ಆ ಕಚೇರಿ ತಿಪಟೂರಿನಲ್ಲಿದೆ. ರತ್ಲಾಂ ಜನ ಬಳಸಿದ ಹಳೇ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಾಗಿದೆ. ಇದರಿಂದ ತೊಂದರೆ ತೆಗೆಸಬಹುದು, ಚರಂಡಿ ಬಿಡಿಸಬಹುದು. ನಷ್ಟದ ಹಣಕ್ಕೆ ಮಾತ್ರ ಸಿವಿಲ್ ಕೋರ್ಟಿಗೇ ಹೋಗಬೇಕು.

ಕೋರ್ಟಿಗೆ ಹೋಗುವುದಾದರೆ ತಡ ಮಾಡಬೇಡಿ. ಕಾಯ್ದೆಯ ಪ್ರಕಾರ ಮಾಡಿದ ಕೆಲಸದಿಂದ ಆದ ನಷ್ಟಕ್ಕೆ ದಾವೆ ಹಾಕಲು ಕಾಲಮಿತಿ ಕಾಯ್ದೆಯಲ್ಲಿ ಒಂದೇ ವರ್ಷದ ಗಡುವಿದೆ. ಸರ್ಕಾರದ ಮೇಲಾದರೆ ಎರಡು ತಿಂಗಳ ನೋಟೀಸನ್ನೂ ಮೊದಲೇ ಕೊಡಬೇಕು. ಸ್ಥಳೀಯ ಸಂಸ್ಥೆಗಳ ಕಾಯ್ದೆಗಳಲ್ಲಿ ಇನ್ನೂ ಕಡಿಮೆ ಅವಧಿ ಇರಬಹುದಾದ್ದರಿಂದ ಮೊದಲ ತಿಂಗಳಲ್ಲೇ ವಕೀಲರಿಗೆ ಕಾಗದ ತೋರಿಸಿ. ಹಬ್ಬ ಕಳೆಯಲಿ, ಕಾಯಿ ಕೆಡವಿದ ಮೇಲೆ ನೋಡೋಣ ಎಂದು ಕೂತರೆ ಹಕ್ಕೇ ತಪ್ಪಿಹೋಗುತ್ತದೆ.

ವಕೀಲರಿಗೆ ದುಡ್ಡೆಲ್ಲಿ?

ಅಯ್ಯೋ, ಕೋರ್ಟು ಕಚೇರಿ ನಮ್ಮಂಥವರಿಗಲ್ಲ ಎನ್ನುತ್ತೀರಾ? ಇಲ್ಲಿ ನಮಗೆ, ಹೆಂಗಸರಿಗೆ, ಒಂದು ವಿಶೇಷ ಅನುಕೂಲವಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಣ್ಣು ಮಕ್ಕಳಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಆದಾಯ ಎಷ್ಟು ಎಂದು ಕೇಳುವುದಿಲ್ಲ. ವಕೀಲರ ಫೀಜು, ಕೋರ್ಟು ಶುಲ್ಕ ಎರಡೂ ಅದರಲ್ಲಿ ಬರುತ್ತದೆ. ತಾಲೂಕು ಕೋರ್ಟಿನಲ್ಲೇ ತಾಲೂಕು ಕಾನೂನು ಸೇವೆಗಳ ಸಮಿತಿ ಇರುತ್ತದೆ. ಫೋನಿನಲ್ಲಾದರೆ 15100ಕ್ಕೆ ಕರೆ ಮಾಡಬಹುದು. ಮನೆ ನಿಮ್ಮ ಹೆಸರಿನಲ್ಲಿದ್ದರೆ, ಅಥವಾ ನಿಮ್ಮದೂ ಪಾಲಿದ್ದರೆ, ನೀವೇ ಅರ್ಜಿದಾರರಾಗಿ. ಯಜಮಾನರು ಬೇಜಾರು ಮಾಡಿಕೊಳ್ಳುವುದಿಲ್ಲ, ಖರ್ಚು ಉಳಿಯಿತೆಂದು ಖುಷಿಯೇ ಪಡುತ್ತಾರೆ!

ಪಕ್ಕದ ಮನೆ ಅಜ್ಜಿಯ ಪರವಾಗಿ ಈಗ ಆ ಸಮಿತಿಗೆ ಅರ್ಜಿ ಹೋಗಿದೆ. ಗೋಡೆ ಬಿದ್ದು ಇನ್ನೂ ವರ್ಷ ತುಂಬಿಲ್ಲ. ಫೋಟೋ, ಮಹಜರು, ಮೋರಿ ಬಿಟ್ಟದ್ದನ್ನು ತೋರಿಸುವ ಎಸ್ಟಿಮೇಟಿನ ನಕಲು ಎಲ್ಲ ಜೋಡಿಸಿದ್ದೇವೆ. ಗೆಲುವು ಸೋಲು ದೇವರ ಇಚ್ಛೆ, ಜಡ್ಜಿಯವರ ಇಚ್ಛೆ. ಆದರೆ ಒಂದಡಿ ಜಾಗ ತಗೊಂಡಿಲ್ಲ ಎಂಬ ಮಾತಿಗೆ ಉತ್ತರ ಕೊಡದೆ ಬಿಟ್ಟೆವು ಎಂದು ಮಾತ್ರ ಆಗುವುದಿಲ್ಲ.

ಸೋದರಿಯರೇ, ಮುಂದಿನ ಗ್ರಾಮಸಭೆಯೋ ವಾರ್ಡಿನ ಸಭೆಯೋ ನಡೆದಾಗ ನೀವೂ ಹೋಗಿ. ಹೊಸ ರಸ್ತೆ ಬೇಕು ಎಂದು ಎಲ್ಲರೂ ಕೇಳುತ್ತಾರೆ. ನೀವು ಎದ್ದು ನಿಂತು ಇಷ್ಟನ್ನೇ ಕೇಳಿ: "ಚರಂಡಿ ಮೊದಲೋ, ರಸ್ತೆ ಮೊದಲೋ? ಹಳೇದನ್ನು ಕೆರೆಯುತ್ತೀರೋ, ಇಲ್ಲವೋ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ." ಮಾತು ಗಾಳಿಗೆ ಹೋಗುತ್ತದೆ. ಪುಸ್ತಕದಲ್ಲಿ ಬರೆದದ್ದು ಉಳಿಯುತ್ತದೆ. ಕೇಳಲು ಕಾಸು ಬೇಡ, ಓದು ಬೇಡ, ಸ್ವಲ್ಪ ಗಟ್ಟಿ ದನಿ ಇದ್ದರೆ ಸಾಕು.